ಹಳೆಯ ಬ್ರೈಲ್ ತಂತ್ರಾಂಶ, ಹೊಸ ಕಂಪ್ಯೂಟರ್: ಜಯನಗರದ ಒಂದು ಘಟಕದ ಪ್ರಕರಣ ಅಧ್ಯಯನ

ಜಯನಗರದ ಒಂದು ಮನೆಯ ಕೆಳಮಹಡಿಯಲ್ಲಿ ನಡೆಯುವ ಸಣ್ಣ ಬ್ರೈಲ್ ಘಟಕದ ಪ್ರಕರಣ ಇದು. ನಾನು ಅಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸ್ವಯಂಸೇವಕ. ಹೈಸ್ಕೂಲು, ಪಿಯುಸಿ ಓದುವ ಅಂಧ ಮಕ್ಕಳಿಗೆ ನೋಟ್ಸು, ಕತೆಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರಿಗೆ ಪ್ರಶ್ನೆಗಳ ಸಂಗ್ರಹ, ಹೀಗೆ ಕೇಳಿ ಬಂದದ್ದನ್ನು ಬ್ರೈಲ್ ಮಾಡಿ ಕೊಡುತ್ತೇವೆ. ಮೊದಲಿಂದ ಕೊನೆವರೆಗೆ ಕೆಲಸ ನಡೆಸುವವರು ಇಬ್ಬರು. ಕಂಪ್ಯೂಟರ್ ಮುಂದೆ ಕೂರುವ ಅಕ್ಕನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸಿ ಕೆಲಸ ಮಾಡುತ್ತಾರೆ. ಅಚ್ಚಾದ ಹಾಳೆಯನ್ನು ಬೆರಳಲ್ಲಿ ಓದಿ ತಿದ್ದುವವರು ನಿವೃತ್ತ ಮೇಷ್ಟ್ರು. ಅವರಿಗೂ ದೃಷ್ಟಿಯಿಲ್ಲ. ಈ ಸಂಗತಿಯನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಾವು ಮಾಡಿದ ಪ್ರತಿ ಆಯ್ಕೆಯನ್ನೂ ತೀರ್ಮಾನಿಸಿದ್ದು ಇದೇ.

ಅಲ್ಲಿದ್ದ ಹಳೆಯ ಕಂಪ್ಯೂಟರ್ 32 ಬಿಟ್‌ನ ವಿಂಡೋಸ್ 7. ಅದರಲ್ಲಿ ಇಂಗ್ಲಿಷ್ ಪಠ್ಯವನ್ನು ಬ್ರೈಲ್‌ಗೆ ತಿರುಗಿಸುತ್ತಿದ್ದದ್ದು ಎನ್‌ಎಫ್‌ಬಿಟ್ರಾನ್ಸ್, ಅಮೆರಿಕದ ನ್ಯಾಷನಲ್ ಫೆಡರೇಶನ್ ಆಫ್ ದ ಬ್ಲೈಂಡ್ ಉಚಿತವಾಗಿ ಹಂಚಿದ, ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಪ್ರೋಗ್ರಾಂ. ಪಠ್ಯದ ಕಡತ ಕೊಟ್ಟರೆ ಸಂಕ್ಷಿಪ್ತ ಬ್ರೈಲ್‌ನ, ಅಂದರೆ ಕೆಲವು ಅಕ್ಷರಗಳ ಗುಂಪಿಗೆ ಚಿಕ್ಕ ಗುರುತು ಬಳಸುವ ಬ್ರೈಲ್‌ನ ಕಡತ ಬರುತ್ತಿತ್ತು, ಅದನ್ನು ಕಾಗದದ ಮೇಲೆ ಚುಕ್ಕಿ ಉಬ್ಬಿಸುವ ಎಂಬಾಸರ್ ಯಂತ್ರಕ್ಕೆ ಕಳಿಸಿದರೆ ಆಯಿತು. ದುಬಾರಿ ತಂತ್ರಾಂಶ ಕೊಳ್ಳಲಾಗದ ಘಟಕವನ್ನು ಎಷ್ಟೋ ವರ್ಷ ನಡೆಸಿದ್ದು ಈ ಒಂದು ಉಚಿತ ಪ್ರೋಗ್ರಾಂ. ಕನ್ನಡಕ್ಕೆ ಅಂಥದ್ದೇನೂ ಇರಲಿಲ್ಲ. ಬ್ರೈಲ್‌ನ ಒಂದು ಮನೆ ಅಂದರೆ 1ರಿಂದ 6ರವರೆಗೆ ಸಂಖ್ಯೆ ಕೊಟ್ಟ ಆರು ಚುಕ್ಕಿಗಳ ಜಾಗ. ಕನ್ನಡ ಬೇಕೆಂದರೆ ಅಕ್ಕನೇ ಚುಕ್ಕಿಗೊಂದರಂತೆ ಕೀಲಿಮಣೆಯ ಆರು ಕೀಲಿಗಳನ್ನು ಒಟ್ಟೊಟ್ಟಿಗೆ ಒತ್ತಿ ಒಂದೊಂದೇ ಅಕ್ಷರ ಕೂರಿಸುತ್ತಿದ್ದರು.

ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ಕೈಕೊಡಲು ಶುರುವಾದಾಗ ದಾನಿಗಳೊಬ್ಬರು ವಿಂಡೋಸ್ 11 ಇರುವ ಎರಡು ಹೊಸ ಕಂಪ್ಯೂಟರ್ ಕೊಟ್ಟರು. ಹಳೆಯ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ ಪ್ರೋಗ್ರಾಂ ತೆರೆದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎಂಬ ಸಂದೇಶ. ಕಂಪ್ಯಾಟಿಬಿಲಿಟಿ ಮೋಡ್ ಆರಿಸಿದರೂ ಅದೇ ಉತ್ತರ.

ಕಾರಣ ಸರಳ. ನಮ್ಮ ಬಳಿಯಿದ್ದ ಪ್ರತಿ 16 ಬಿಟ್‌ನದು. 32 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಎಂಬ ಭಾಗವೊಂದು ಡಾಸ್ ಪ್ರೋಗ್ರಾಂಗಳಿಗೆ ಬೇಕಾದ ಪರಿಸರ ಒದಗಿಸುತ್ತಿತ್ತು. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ಕೆಲಸ ಮಾಡುವಾಗ ಡಾಸ್ ಕಾಲದ 8086 ಪ್ರೊಸೆಸರ್‌ನ ಅನುಕರಣೆಗೆಂದೇ ಇದ್ದ ಸೌಲಭ್ಯ ಅದರೊಳಗೇ ಇರುವುದಿಲ್ಲ. ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಇಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು, 11ಕ್ಕೆ ಇಲ್ಲವೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ದಾರಿಯಲ್ಲಿ ಇನ್ನೊಂದಷ್ಟು ದೂರ ಹೋಗೋಣ ಎನ್ನುವವರಿಗೆ ಇನ್ನು ದಾರಿ ಉಳಿದಿಲ್ಲ.

ಡಾಸ್‌ಬಾಕ್ಸ್: ಓಡಿತು, ಆದರೆ ಮಾತಾಡಲಿಲ್ಲ

ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಡಾಸ್‌ಬಾಕ್ಸ್. ಹಳೆಯ ಪಿಸಿಯನ್ನು ಸಂಪೂರ್ಣವಾಗಿ ಅನುಕರಿಸುವ ಉಚಿತ ತಂತ್ರಾಂಶ. ಅದನ್ನು ಹಾಕಿ, ಫೋಲ್ಡರನ್ನು ಸಿ ಡ್ರೈವ್ ಎಂದು ಜೋಡಿಸಿದೆ. ಎನ್‌ಎಫ್‌ಬಿಟ್ರಾನ್ಸ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ನನ್ನ ಪಾಲಿಗೆ ಸಮಸ್ಯೆ ಮುಗಿದಿತ್ತು. ಅಕ್ಕನನ್ನು ಕೂರಿಸಿದೆ.

"ಇದು ಮಾತೇ ಆಡ್ತಿಲ್ವಲ್ಲಪ್ಪ. ಓಪನ್ ಆಗಿದೆಯಾ ಇಲ್ವಾ?"

ಡಾಸ್‌ಬಾಕ್ಸ್‌ನ ಕಿಟಕಿಯಲ್ಲಿ ಕಾಣುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಪ್ರೋಗ್ರಾಂ ಬರೆದದ್ದನ್ನು ಅದು ಗ್ರಾಫಿಕ್ಸ್ ಆಗಿ ಪರದೆಯ ಮೇಲೆ ಬಿಡಿಸುತ್ತದೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ. ಕಣ್ಣಿದ್ದವರು ಬರೆದ ಸಲಹೆಗಳಲ್ಲಿ ಈ ಮಾತು ಕಾಣುವುದು ಅಪರೂಪ. ಬ್ರೈಲ್ ತಂತ್ರಾಂಶವನ್ನು ಬಳಸುವವರಲ್ಲಿ ಅಂಧರೇ ಬಹಳ ಮಂದಿ ಇರುವಾಗ, ಓಡುತ್ತದೆಯೇ ಎಂಬ ಪ್ರಶ್ನೆಯ ಜೊತೆಗೇ ಅವರಿಗೆ ಓದಲು ಬರುತ್ತದೆಯೇ ಎಂದೂ ಕೇಳಬೇಕು.

ಇದಕ್ಕೆ ಬಳಸುದಾರಿ ಇದೆ. ಡಾಸ್‌ಬಾಕ್ಸ್‌ನೊಳಗೆ ಯಾರೂ ಏನೂ ಒತ್ತಬೇಕಾಗದಂತೆ ಎಲ್ಲ ಆದೇಶಗಳನ್ನೂ ಹೊರಗಿನ ಬ್ಯಾಚ್ ಕಡತದಲ್ಲೇ ಬರೆದಿಡುವುದು. ಡ್ರೈವ್ ಜೋಡಿಸು, ಈ ಕಡತ ತಿರುಗಿಸು, ಮುಚ್ಚಿಕೋ. ಅಕ್ಕ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಡತದ ಹೆಸರು ಕೊಟ್ಟರೆ ಸಾಕು. ಕಮಾಂಡ್ ಪ್ರಾಂಪ್ಟನ್ನು ಎನ್‌ವಿಡಿಎ ಚೆನ್ನಾಗಿ ಓದುತ್ತದೆ. ಡಾಸ್‌ಬಾಕ್ಸ್ ಕ್ಷಣ ಹೊತ್ತು ತೆರೆದು ತಾನೇ ಮುಚ್ಚಿಕೊಳ್ಳುತ್ತದೆ, ಬ್ರೈಲ್ ಕಡತ ಫೋಲ್ಡರ್‌ನಲ್ಲಿ ಬಂದು ಕೂತಿರುತ್ತದೆ. ತಕ್ಷಣದ ಕೆಲಸ ನಿಲ್ಲದಂತೆ ಈ ಏರ್ಪಾಡು ಕಾಪಾಡಿತು. ಹಳೆಯ ಡಾಸ್ ಪ್ರೋಗ್ರಾಂ ಬಿಡಲಾಗದ ಯಾವುದೇ ಘಟಕಕ್ಕೂ ಇದನ್ನೇ ಹೇಳುತ್ತೇನೆ.

ಆದರೆ ಇದನ್ನೇ ಕಾಯಂ ಮಾಡಿಕೊಳ್ಳುವುದಕ್ಕೆ ಮೇಷ್ಟ್ರು ಒಪ್ಪಲಿಲ್ಲ, ಸರಿಯಾದ ಕಾರಣಕ್ಕೇ ಒಪ್ಪಲಿಲ್ಲ. ನಾವು ಪುಸ್ತಕ ಕೊಡುವ ಮಕ್ಕಳು ಶಾಲೆಯಲ್ಲಿ ಕಲಿಯುತ್ತಿರುವುದು ಯುಇಬಿ, ಅಂದರೆ ಯೂನಿಫೈಡ್ ಇಂಗ್ಲಿಷ್ ಬ್ರೈಲ್. ಇಂಗ್ಲಿಷ್ ಬ್ರೈಲ್‌ನ ಅಂತರರಾಷ್ಟ್ರೀಯ ಮಂಡಳಿ ಅದನ್ನು 2004ರಲ್ಲೇ ಒಪ್ಪಿತು. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 2016ರ ಜನವರಿ 4ರಂದು. ಹಳೆಯ ಅಮೆರಿಕನ್ ಪದ್ಧತಿಯಲ್ಲಿದ್ದ ಒಂಬತ್ತು ಸಂಕ್ಷೇಪಗಳನ್ನು ಯುಇಬಿ ಕೈಬಿಟ್ಟಿದೆ. 'ನೇಷನ್' ಎಂಬ ಇಂಗ್ಲಿಷ್ ಪದವನ್ನೇ ನೋಡಿ. ನಮ್ಮ ಹಳೆಯ ಪ್ರೋಗ್ರಾಂ ಎನ್ ಅಕ್ಷರ ಹಾಕಿ, ಉಳಿದ ಐದಕ್ಷರಗಳನ್ನು ಆರನೇ ಚುಕ್ಕಿಯಿಂದ ಶುರುವಾಗುವ ಒಂದೇ ಸಂಕ್ಷೇಪವಾಗಿ ಬರೆಯುತ್ತದೆ. ಯುಇಬಿಯಲ್ಲಿ ಆ ಸಂಕ್ಷೇಪವೇ ಇಲ್ಲ. ಎನ್, ಎ ಎರಡನ್ನೂ ಬಿಡಿಸಿ ಬರೆದು, ಕೊನೆಯ ನಾಲ್ಕಕ್ಷರಕ್ಕೆ ಮಾತ್ರ 5 ಮತ್ತು 6ನೇ ಚುಕ್ಕಿಯಿಂದ ಶುರುವಾಗುವ ಬೇರೆ ಸಂಕ್ಷೇಪ ಹಾಕಬೇಕು. 'ಟು', 'ಬೈ' ಎಂಬ ಪುಟ್ಟ ಪದಗಳನ್ನು ಹಳೆಯ ಪದ್ಧತಿ ಮುಂದಿನ ಪದಕ್ಕೆ ಅಂಟಿಸಿಬಿಡುತ್ತಿತ್ತು. ಯುಇಬಿಯಲ್ಲಿ ಅವು ಬಿಡಿಯಾಗಿ, ಪೂರ್ತಿ ಅಕ್ಷರಗಳಲ್ಲಿ ನಿಲ್ಲುತ್ತವೆ. ಎಂಟನೇ ತರಗತಿಯ ಹುಡುಗಿಗೆ ಶಾಲೆಯಲ್ಲಿ ಒಂದು ಬರಹ, ನಮ್ಮಿಂದ ಹೋದ ನೋಟ್ಸಿನಲ್ಲಿ ಇನ್ನೊಂದು ಬರಹ ಎಂದಾದರೆ ನಾವು ಅವಳಿಗೆ ಸಹಾಯ ಮಾಡಿದಂತಾಗುವುದಿಲ್ಲ.

ಹಾಗಾಗಿ ತೀರ್ಮಾನ ಇದು: ಡಾಸ್‌ಬಾಕ್ಸ್ ಇರಲಿ, ಆದರೆ ಹಳೆಯ ಕಡತಗಳ ಮರುಮುದ್ರಣಕ್ಕೆ ಮಾತ್ರ. ಹೊಸದೆಲ್ಲ ಹೊಸ ತಂತ್ರಾಂಶದಲ್ಲಿ.

ಲಿಬ್‌ಲೂಯಿಯ ಕಡೆಗೆ

ಇವತ್ತು ಉಚಿತವಾಗಿ ಸಿಗುವ ಬಹುಪಾಲು ಬ್ರೈಲ್ ತಂತ್ರಾಂಶಗಳ ಹೊಟ್ಟೆಯಲ್ಲಿರುವುದು ಲಿಬ್‌ಲೂಯಿ. 2002ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಲೂಯಿ ಬ್ರೈಲ್ ನೆನಪಿಗೆ ಇಟ್ಟ ಹೆಸರು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಜಾನ್ ಬಾಯರ್ ಅವರಿಗೆ ದೃಷ್ಟಿಯೂ ಇರಲಿಲ್ಲ, ಶ್ರವಣವೂ ಇರಲಿಲ್ಲ. ಬೆರಳಿಗೆ ಸಿಗುವಂತೆ ಚುಕ್ಕಿಗಳನ್ನು ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಸಾಧನಕ್ಕೆ ಎನ್‌ವಿಡಿಎ ಅಕ್ಷರ ಕಳಿಸುವುದು ಇದರ ಮೂಲಕ. ಅಂಧರಿಗಾಗಿ ಇರುವ ಅಮೆರಿಕನ್ ಪ್ರಿಂಟಿಂಗ್ ಹೌಸ್ ಉಚಿತವಾಗಿ ಕೊಡುವ ಬ್ರೈಲ್‌ಬ್ಲಾಸ್ಟರ್‌ನಲ್ಲೂ, ವಿಯೆಟ್ನಾಂನ ಹೋ ಚಿ ಮಿನ್ ನಗರದ ಅಂಧರ ಕೇಂದ್ರವೊಂದು ಹೊರತಂದ ಸಾವೊ ಮಾಯ್ ಬ್ರೈಲ್‌ನಲ್ಲೂ ಇದೇ ಇದೆ. ಒಂದೊಂದು ಭಾಷೆಗೂ ಒಂದೊಂದು ಟೇಬಲ್. ಟೇಬಲ್ ಅಂದರೆ ಯಾವ ಅಕ್ಷರಕ್ಕೆ ಯಾವ ಚುಕ್ಕಿಗಳು ಎಂದು ಸಾಲುಸಾಲಾಗಿ ಬರೆದ ಬರೀ ಪಠ್ಯದ ಕಡತ, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅದರಲ್ಲಿ ಕನ್ನಡದ ಟೇಬಲ್ ಇದೆ ಎಂದು ತಿಳಿದಾಗ ಅಕ್ಕನಿಗಾದ ಸಂತೋಷ ದೊಡ್ಡದು. ಆರು ಕೀಲಿ ಒತ್ತಿ ಒತ್ತಿ ಸವೆದ ಬೆರಳು ಅವರದು.

ಇಂಗ್ಲಿಷ್ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ಬ್ರೈಲ್‌ಬ್ಲಾಸ್ಟರ್ ಹಾಕಿದೆವು, ವರ್ಡ್ ಕಡತ ತೆರೆದೆವು, ಯುಇಬಿ ಸರಿಯಾಗಿ ಬಂತು. ಅದು ತುಸು ಭಾರಿ ತಂತ್ರಾಂಶ, ಹಳೆಯ ಯಂತ್ರದಲ್ಲಿ ಏದುಸಿರು ಬಿಡುತ್ತಿತ್ತೇನೋ. ಹೊಸದರಲ್ಲಿ ತೊಂದರೆಯಿಲ್ಲ.

ಕನ್ನಡಕ್ಕೆ ಲಿಬ್‌ಲೂಯಿಯ ಜೊತೆಗೇ ಬರುವ ಕಮಾಂಡ್ ಸಾಲಿನ ಸಲಕರಣೆಯನ್ನೇ ನೇರವಾಗಿ ಬಳಸಿದೆವು, ಅಕ್ಕನಿಗೆ ಅದೇ ಸಲೀಸು. ಮೆನು ಬೇಕೆನ್ನುವ ಸ್ವಯಂಸೇವಕರು ಸಾವೊ ಮಾಯ್ ಬಳಸುತ್ತಾರೆ. ಕನ್ನಡದ ಬ್ರೈಲ್, ಭಾರತದ ಭಾಷೆಗಳಿಗೆಂದು ಇರುವ ಭಾರತಿ ಬ್ರೈಲ್ ಪದ್ಧತಿಯದು. ಬ್ರೈಲ್ ಕಡತದೊಳಗೆ ಚುಕ್ಕಿಗಳಿಗೆ ಬದಲಾಗಿ ಸಾಮಾನ್ಯ ಕೀಲಿಮಣೆಯ ಗುರುತುಗಳಿರುತ್ತವೆ. 'ಕನ್ನಡ' ಎಂದು ಕೊಟ್ಟರೆ ಕೆ, ಅಟ್ ಗುರುತು, ಎನ್, ಎನ್, ಡಾಲರ್ ಗುರುತು ಬರಬೇಕು. ಅಟ್ ಗುರುತು ಅಂದರೆ ನಾಲ್ಕನೇ ಚುಕ್ಕಿ. ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಹೋಗುವುದಿಲ್ಲ. ಸ್ವರ ಕಳೆದುಕೊಂಡ ವ್ಯಂಜನದ ಮುಂಚೆಯೇ ನಾಲ್ಕನೇ ಚುಕ್ಕಿ ಬಂದು ಸೂಚನೆ ಕೊಡುತ್ತದೆ. ನಾವು ಕೈಯಾರೆ ಟೈಪು ಮಾಡಿದ ಪುಟಗಳೆಲ್ಲ ಸರಿಯಾಗಿ ಬಂದವು.

ತೊಡಕು ಶುರುವಾದದ್ದು ಹೊರಗಿನಿಂದ ಬಂದ ಕಡತಗಳಲ್ಲಿ. ಈ ಪ್ರಕರಣದಲ್ಲಿ ನಮ್ಮ ಹೆಚ್ಚಿನ ಸಮಯ ಹೋದದ್ದೂ ಅಲ್ಲಿಯೇ.

ಕಣ್ಣಿಗೆ ಒಂದೇ, ಬೆರಳಿಗೆ ಬೇರೆ

ಬೆಂಗಳೂರಿನ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಬಹಳಷ್ಟು ಕನ್ನಡ ಟೈಪಾಗುವುದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ಅವು ಯೂನಿಕೋಡ್ ಅಲ್ಲ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿ. ಅಲ್ಲಿ 'ಕ' ಎಂಬ ಅಕ್ಷರಕ್ಕೆ ಕಂಪ್ಯೂಟರ್ ಇಟ್ಟುಕೊಳ್ಳುವುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತ. ಫಾಂಟ್ ಇದ್ದಾಗ ಮಾತ್ರ ಅದು ಕನ್ನಡದಂತೆ ಕಾಣುತ್ತದೆ. ಲಿಬ್‌ಲೂಯಿ ನೋಡುವುದು ಫಾಂಟನ್ನಲ್ಲ, ಸಂಕೇತವನ್ನು. ಆದ್ದರಿಂದ ನುಡಿಯ ಕಡತವನ್ನು ಮೊದಲು ಯೂನಿಕೋಡ್‌ಗೆ ಬದಲಿಸಲೇಬೇಕು. ಬದಲಿಸುವ ಉಚಿತ ಪರಿವರ್ತಕಗಳು ಬೇಕಾದಷ್ಟಿವೆ. ಒಂದನ್ನು ಬಳಸಿ, ಪರದೆಯ ಮೇಲೆ ಸಾಲು ಸಾಲು ಓದಿ ನೋಡಿದೆ, ಕಾಗುಣಿತ ಸರಿಯಾಗಿತ್ತು. ಎಂಬಾಸರ್‌ಗೆ ಕಳಿಸಿದೆವು.

ಮೇಷ್ಟ್ರು ಮೊದಲ ಪುಟದಲ್ಲೇ ಬೆರಳು ನಿಲ್ಲಿಸಿದರು. "ಇಲ್ಲಿ 'ಕೆಊಡಲಿ' ಅಂತಿದೆ ಕಣಯ್ಯಾ. ಕೊಡಲಿ ಅಲ್ವಾ ಇರಬೇಕಾದ್ದು?" ಮುಂದಿನ ಸಾಲಿನಲ್ಲಿ 'ತೊಗರಿ'ಯ ಜಾಗದಲ್ಲಿ 'ತೆಊಗರಿ'. ದೀರ್ಘ ಬರಬೇಕಾದ ಕಡೆಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳ ಗೋಜಲು. ಪರದೆಯ ಮೇಲೆ ಮತ್ತೆ ನೋಡಿದರೆ 'ಕೊಡಲಿ' ಸ್ಪಷ್ಟವಾಗಿ ಕೊಡಲಿಯೇ.

ಇದರ ಹಿಂದಿನ ವಿಷಯ ಹೀಗಿದೆ. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ಅದೇ ಒಕಾರವನ್ನು ಎಕಾರದ ಚಿಹ್ನೆ, ಅದರ ಮೇಲೆ ಊಕಾರದ ಚಿಹ್ನೆ ಎಂದು ಎರಡು ತುಂಡಾಗಿಯೂ ಬರೆಯಬಹುದು. ಎರಡೂ ಪರದೆಯ ಮೇಲೆ ಒಂದೇ ರೀತಿ ಮೂಡುತ್ತವೆ. ನುಡಿ ಫಾಂಟ್‌ನಲ್ಲಿ 'ಕೊ' ಇರುವುದೇ ತುಂಡುತುಂಡಾಗಿ. ತುಂಡಿಗೊಂದು ಸಂಕೇತ ಎಂದು ಬದಲಿಸುವ ಪರಿವರ್ತಕ ಎರಡು ತುಂಡನ್ನೂ ಹಾಗೇ ದಾಟಿಸುತ್ತದೆ. ಟೇಬಲ್ ತನ್ನ ಕೆಲಸ ಪ್ರಾಮಾಣಿಕವಾಗಿ ಮಾಡುತ್ತದೆ: ಎಕಾರಕ್ಕೆ 2 ಮತ್ತು 6ನೇ ಚುಕ್ಕಿ, ಊಕಾರಕ್ಕೆ 1, 2, 5, 6ನೇ ಚುಕ್ಕಿ. ಒಕಾರಕ್ಕೆ ಬರಬೇಕಾಗಿದ್ದದ್ದು 1, 3, 4, 6ನೇ ಚುಕ್ಕಿಗಳ ಒಂದೇ ಮನೆ. ದೀರ್ಘದ್ದೂ ಇದೇ ಕತೆ. ಈಕಾರ, ಏಕಾರ, ಓಕಾರಗಳ ದೀರ್ಘದ ಕೊಂಬು ಒಂಟಿಯಾಗಿ ನಿಂತಾಗ ಅದಕ್ಕೆ ನಾವು ಬಳಸಿದ ಟೇಬಲ್‌ನಲ್ಲಿ ಜಾಗವಿರಲಿಲ್ಲ. ಟೇಬಲ್‌ನಲ್ಲಿಲ್ಲದ ಗುರುತನ್ನು ಲಿಬ್‌ಲೂಯಿ ನುಂಗಿಹಾಕುವುದಿಲ್ಲ, ಅದರ ಸಂಕೇತಸಂಖ್ಯೆಯನ್ನೇ ಚುಕ್ಕಿಗಳಲ್ಲಿ ಬರೆದುಬಿಡುತ್ತದೆ. ಇದು ಒಳ್ಳೆಯ ಗುಣವೇ. ನುಂಗಿದ್ದರೆ 'ಕೀಲಿ' ಸದ್ದಿಲ್ಲದೆ 'ಕಿಲಿ' ಆಗಿರುತ್ತಿತ್ತು, ಮೇಷ್ಟ್ರ ಬೆರಳಿಗೂ ಸಿಗುತ್ತಿತ್ತೋ ಇಲ್ಲವೋ. ವರ್ಡ್‌ನಿಂದ ಬಂದ ಅಲಂಕಾರದ ಬುಲೆಟ್ ಗುರುತುಗಳೂ ಇದೇ ರೀತಿ ಸಂಖ್ಯೆಗಳಾಗಿ ಹಾಳೆ ತುಂಬ ಹರಡಿದ್ದವು.

ಪರಿಹಾರ ಒಂದೇ ಸಾಲಿನದು. ಯೂನಿಕೋಡ್‌ನಲ್ಲಿ ಎನ್‌ಎಫ್‌ಸಿ ಎಂಬ ಕ್ರಮವಿದೆ, ಬಿಡಿ ತುಂಡುಗಳನ್ನು ಸೇರಿಸಿ ಒಂದೇ ಸಂಕೇತ ಮಾಡುವುದು. ಪೈಥಾನ್ ಭಾಷೆಯಲ್ಲಿ ಅದಕ್ಕೆ ಸಿದ್ಧ ಆದೇಶ ಇದೆ. ಬ್ರೈಲ್‌ಗೆ ಕಳಿಸುವ ಮುಂಚೆ ಪ್ರತಿ ಕಡತವನ್ನೂ ಅದರೊಳಗೆ ಹಾಯಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಅದೇ ಸ್ಕ್ರಿಪ್ಟ್ ಬುಲೆಟ್‌ಗಳನ್ನು ತೆಗೆಯುತ್ತದೆ. ಅಕ್ಷರಗಳ ನಡುವೆ ಒತ್ತು ಕೂಡದಂತೆ ತಡೆಯಲು ಹಾಕುವ ಕಾಣದ ಗುರುತನ್ನೂ ತೆಗೆಯುತ್ತದೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಸೇರದಿರಲಿ ಎಂದು ಕಣ್ಣಿಗೆ ಅದು ಬೇಕು. ಬ್ರೈಲ್‌ನಲ್ಲಿ ಒತ್ತು ಕೆಳಗೆ ಹೋಗುವುದೇ ಇಲ್ಲವಾದ್ದರಿಂದ ಅದು ಇದ್ದೂ ಪ್ರಯೋಜನವಿಲ್ಲ.

ಅರ್ಕಾವತ್ತು ಮಾತ್ರ ಸ್ಕ್ರಿಪ್ಟಿಗೆ ಬಗ್ಗುವುದಿಲ್ಲ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. 'ಕರ್ನಾಟಕ'ದಂಥ ಪದವನ್ನು ಪರಿವರ್ತಕಗಳು ಸರಿಪಡಿಸುತ್ತವೆ. ಒತ್ತು, ಗುಣಿತ, ಅರ್ಕಾವತ್ತು ಮೂರೂ ಸೇರಿದ ಕಡೆ ಕೆಲವೊಮ್ಮೆ ಎಡವುತ್ತವೆ. ಅದನ್ನು ಮೇಷ್ಟ್ರೇ ಹಿಡಿಯಬೇಕು, ಹಿಡಿಯುತ್ತಾರೆ.

ಮೇಷ್ಟ್ರು ಹಾಕಿಕೊಟ್ಟ ಇನ್ನೆರಡು ಕಟ್ಟಳೆ

ಮೊದಲನೆಯದು ಅಂಕಿಯ ನಂತರ ಜಾಗ ಬಿಡುವುದು. ಬ್ರೈಲ್‌ನಲ್ಲಿ ಅಂಕಿಗಳಿಗೆ ಬೇರೆ ರೂಪವಿಲ್ಲ. ಅಂಕಿಯ ಗುರುತು ಬಂದ ಮೇಲೆ ಇಂಗ್ಲಿಷಿನ ಎ ಇಂದ ಜೆ ವರೆಗಿನ ಅಕ್ಷರಗಳೇ ಅಂಕಿಗಳಾಗುತ್ತವೆ. ಏಳರ ಚುಕ್ಕಿಗಳೂ ಗಕಾರದ ಚುಕ್ಕಿಗಳೂ ಒಂದೇ. '10ಗಂಟೆಗೆ' ಎಂದು ಅಂಟಿಸಿ ಬರೆದದ್ದನ್ನು ಹಾಗೇ ಚುಕ್ಕಿ ಮಾಡಿದರೆ ಬೆರಳಿಗೆ ತಾಕುವುದು 107. ಪರೀಕ್ಷೆಯ ವೇಳಾಪಟ್ಟಿಯಲ್ಲಿ ಇಂಥದ್ದು ಬಂದರೆ ಮಗುವಿನ ಗತಿಯೇನು? ಟೇಬಲ್ ನೋಡಿಕೊಳ್ಳುತ್ತದೆ ಎಂದು ನಂಬಿ ಕೂರದೆ, ಮೂಲದಲ್ಲೇ ಜಾಗ ಬಿಡುತ್ತೇವೆ. ಇದೇ ಜಾಡಿನಲ್ಲಿ ಇನ್ನೊಂದು ಕುತೂಹಲದ ಸಂಗತಿ: ಣಕಾರದ ಚುಕ್ಕಿಗಳೂ ಅಂಕಿಯ ಗುರುತಿನ ಚುಕ್ಕಿಗಳೂ ಒಂದೇ, 3, 4, 5, 6. ಕನ್ನಡದಲ್ಲಿ ಣಕಾರದಿಂದ ಶುರುವಾಗುವ ಪದ ಇಲ್ಲವೆನ್ನುವಷ್ಟು ಕಡಿಮೆ ಆದ್ದರಿಂದ ಓದುವವರಿಗೆ ಗೊಂದಲವಾಗುವುದಿಲ್ಲ.

ಎರಡನೆಯದು ಕನ್ನಡದ ನಡುವೆ ಬರುವ ಇಂಗ್ಲಿಷ್. ಎರಡಕ್ಕೂ ಇರುವುದು ಅದೇ ಆರು ಚುಕ್ಕಿಗಳ ಮನೆ, ಸಿ ಅಕ್ಷರವೂ ಚಕಾರವೂ ಬೆರಳಿಗೆ ಒಂದೇ. ವಿಜ್ಞಾನದ ನೋಟ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಂದ ಪದವನ್ನು ಆಡುವ ರೂಪದಲ್ಲಿ ಕನ್ನಡದಲ್ಲೇ ಬರೆಯಿರಿ, ಸೂತ್ರಗಳನ್ನು ಬೇರೆ ಸಾಲಿನಲ್ಲಿಡಿ ಎಂದರು. ಮಕ್ಕಳಿಗೆ ಅದು ಒಗ್ಗಿದೆ.

ಹಾಳೆಗೆ ಇಳಿಸುವ ಕೆಲಸ

ಲಿಬ್‌ಲೂಯಿಯ ಆ ಸಲಕರಣೆ ಚುಕ್ಕಿ ಮಾಡಿ ಕೊಡುತ್ತದೆ, ಸಾಲು ಮುರಿಯುವುದಿಲ್ಲ. ನಮ್ಮ ಹಾಳೆಗೆ ಸಾಲಿಗೆ 40 ಮನೆ, ಪುಟಕ್ಕೆ 25 ಸಾಲು. ಕನ್ನಡದ ಪದಗಳು ಉದ್ದ. 'ಮಾಡಬೇಕಾಗಿರುವುದರಿಂದ' ಎಂಬ ಒಂದೇ ಪದ 18 ಮನೆ ತಿನ್ನುತ್ತದೆ, ಹೆಚ್ಚುಕಡಿಮೆ ಅರ್ಧ ಸಾಲು. ಪದ ಒಡೆಯದೆ ಸಾಲು ಮುರಿದರೆ ಕೊನೆಯಲ್ಲಿ ಖಾಲಿ ಜಾಗ ಉಳಿದು ಹಾಳೆ ಹೆಚ್ಚಾಗುತ್ತದೆ. ಬ್ರೈಲ್ ಕಾಗದ ದಪ್ಪ, ಅಗ್ಗವೂ ಅಲ್ಲ. ಆದರೂ ಪದ ಒಡೆಯುವುದು ಬೇಡ, ಚಿಕ್ಕ ಮಕ್ಕಳ ಓದು ಮುಗ್ಗರಿಸುತ್ತದೆ ಎಂದು ಮೇಷ್ಟ್ರು ಹೇಳಿದರು, ಹಾಗೇ ಇಟ್ಟೆವು.

ಕೊನೆಯ ತಡೆ ಎಂಬಾಸರ್‌ನ ಕೇಬಲ್. ನಮ್ಮದು ಹಳೆಯ ಪ್ಯಾರಲಲ್ ಪೋರ್ಟಿನದು, ಹೊಸ ಕಂಪ್ಯೂಟರ್‌ನಲ್ಲಿ ಆ ಪೋರ್ಟೇ ಇಲ್ಲ. ಎಸ್‌ಪಿ ರೋಡಿನಲ್ಲಿ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಸಿಕ್ಕಿತು. ಅಂಗಡಿಯವರು ಹಳೆಯ ಬಿಲ್ಲಿಂಗ್ ಪ್ರಿಂಟರ್‌ಗಳಿಗಾಗಿ ಅದನ್ನು ಇನ್ನೂ ಇಟ್ಟುಕೊಂಡಿದ್ದರು. ಕೊಳ್ಳುವವರು ಗಮನಿಸಬೇಕಾದ ಸಂಗತಿಯೆಂದರೆ, ಈ ಕೇಬಲ್ ಹಳೆಯ ಎಲ್‌ಪಿಟಿ 1 ಪೋರ್ಟನ್ನು ವಾಪಸ್ ತರುವುದಿಲ್ಲ. ಯುಎಸ್‌ಬಿ ಪ್ರಿಂಟರ್ ಪೋರ್ಟ್ ಎಂದು ಕಾಣಿಸಿಕೊಳ್ಳುತ್ತದೆ. ಅದಕ್ಕೆ ವಿಂಡೋಸ್‌ನಲ್ಲಿರುವ ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಹಾಕಿ, ಪ್ರಿಂಟರನ್ನು ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಿಂದ ಕಾಪಿ ಆದೇಶಕ್ಕೆ ಸ್ಲ್ಯಾಶ್ ಬಿ ಸೇರಿಸಿ ಕಡತವನ್ನು ಆ ಹೆಸರಿಗೆ ನೇರವಾಗಿ ಕಳಿಸಬೇಕು. ನೋಟ್‌ಪ್ಯಾಡ್‌ನಲ್ಲಿ ತೆರೆದು ಪ್ರಿಂಟ್ ಒತ್ತಿದರೆ ಅದು ತನ್ನ ಅಂಚು, ತಲೆಬರಹ ಎಲ್ಲ ಸೇರಿಸಿ 40 ಮನೆಯ ಲೆಕ್ಕವನ್ನೇ ಕೆಡಿಸುತ್ತದೆ. ಎಂಬಾಸರ್‌ನೊಳಗೇ ಬ್ರೈಲ್‌ಗೆ ತಿರುಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಡಬೇಕು. ಇಲ್ಲವಾದರೆ ಆಗಲೇ ಬ್ರೈಲ್ ಆಗಿರುವುದನ್ನು ಅದು ಇನ್ನೊಮ್ಮೆ ತಿರುಗಿಸುತ್ತದೆ.

ಈಗಿನ ಸ್ಥಿತಿ

ಕನ್ನಡದ ಪುಸ್ತಕ ಈಗ ಅಕ್ಕ ಒಬ್ಬರೇ, ಕಣ್ಣಿರುವವರ ನೆರವಿಲ್ಲದೆ, ಕಡತ ಬಂದಲ್ಲಿಂದ ಹಾಳೆ ಹೊರಬರುವವರೆಗೆ ಮಾಡಿ ಮುಗಿಸುತ್ತಾರೆ. ನನಗೆ ಈ ಇಡೀ ಕೆಲಸದಲ್ಲಿ ಮುಖ್ಯವೆನಿಸಿದ್ದು ಅದು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಓಡಿದ್ದಕ್ಕಿಂತ ದೊಡ್ಡ ಲಾಭ, ಶುದ್ಧವಾದ ಯೂನಿಕೋಡ್ ಕನ್ನಡ ಕೈಗೆ ಬಂದದ್ದು. ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಪುಟ ಕಟ್ಟುವವರಲ್ಲಿ ಒಂದು ವಿನಂತಿ: ಬ್ರೈಲ್‌ಗೆಂದು ಯಾರಾದರೂ ಕಡತ ಕೇಳಿದರೆ ದಯವಿಟ್ಟು ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿರುವ ಮೂಲ ಕಡತ ಕೊಡಿ.

ಕ್ಷ, ಜ್ಞ, ಒಕಾರ, ಓಕಾರ, ಅರ್ಕಾವತ್ತು, ಅಂಕಿಯ ಪಕ್ಕದ ಗಕಾರ ಎಲ್ಲವೂ ಇರುವ ಒಂದು ಪುಟವನ್ನು ಮೇಷ್ಟ್ರು ಬರೆಸಿದ್ದಾರೆ. ಲಿಬ್‌ಲೂಯಿಯ ಹೊಸ ಆವೃತ್ತಿ ಹಾಕಿದಾಗಲೆಲ್ಲ ಮೊದಲು ಆ ಪುಟವನ್ನು ತಿರುಗಿಸಿ, ಹಿಂದಿನ ಫಲಿತಾಂಶದ ಜೊತೆ ಹೋಲಿಸಿದ ಮೇಲೆಯೇ ಬೇರೆ ಕೆಲಸ. ಆ ಪುಟದ ಪದಗಳನ್ನು ಲಿಬ್‌ಲೂಯಿಯ ಪರೀಕ್ಷೆಯ ಕಡತಗಳಿಗೆ ಸೇರಿಸಲು ಕಳಿಸುವ ತಯಾರಿ ನಡೆದಿದೆ. ಒಂಟಿ ದೀರ್ಘದ ಕೊಂಬಿಗೆ ಟೇಬಲ್‌ನಲ್ಲಿ ಏನು ಮಾಡಬೇಕು ಎಂಬುದನ್ನೂ ಬರೆಯುತ್ತಿದ್ದೇವೆ. ಗಣಿತದ ಪುಸ್ತಕಗಳು ಬಾಕಿ ಇವೆ. ಭಿನ್ನರಾಶಿ, ವರ್ಗಮೂಲ ಇರುವ ಪುಟಗಳನ್ನು ಸದ್ಯಕ್ಕೆ ಅಕ್ಕ ಹಿಂದಿನಂತೆ ಆರು ಕೀಲಿಗಳಲ್ಲೇ ಕೂರಿಸುತ್ತಿದ್ದಾರೆ.